ತೆರಿಗೆ ಲೆಕ್ಕಕ್ಕೆಂದು ತೆಗೆದ ಏಳು ಲಕ್ಷ ಫೋಟೊ: 1940ಎಸ್ ಡಾಟ್ ಎನ್‌ವೈಸಿ ಜಾಲತಾಣದ ವಿಮರ್ಶೆ

ತಾಣ ತೆರೆದ ಕೂಡಲೇ ನ್ಯೂಯಾರ್ಕ್ ನಗರದ ನಕ್ಷೆ, ನಕ್ಷೆಯ ಮೈತುಂಬ ಚುಕ್ಕಿ. ಚುಕ್ಕಿ ಮುಟ್ಟಿದರೆ ಅಲ್ಲಿದ್ದ ಕಟ್ಟಡದ 1939ರಿಂದ 1941ರ ನಡುವಿನ ಕಪ್ಪುಬಿಳುಪು ಫೋಟೊ ಪಕ್ಕದಲ್ಲಿ ಬರುತ್ತದೆ. ಲಾಗಿನ್ ಇಲ್ಲ, ಶುಲ್ಕ ಇಲ್ಲ. ಒಂದು ಇಡೀ ಮಹಾನಗರವನ್ನು ಮನೆಮನೆಯಾಗಿ ಹಿಂದಕ್ಕೆ ಹೋಗಿ ನೋಡಲು ಇಷ್ಟು ಸಲೀಸಾದ ಸಾಧನ ಇನ್ನೊಂದು ಸಿಗುವುದು ಕಷ್ಟ. ಆದರೆ ವಿಳಾಸ ಟೈಪ್ ಮಾಡಿ, ಮೊದಲು ಬಂದ ಫೋಟೊವನ್ನೇ ನಂಬಿ ಕೂತರೆ ಪಕ್ಕದ ಮನೆಯನ್ನು ನಿಮ್ಮದೆಂದುಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇದೆ. ಈ ಫೋಟೊಗಳನ್ನು ಯಾರು, ಯಾಕೆ ತೆಗೆದರು ಅನ್ನುವುದು ಗೊತ್ತಿದ್ದರೆ ಆ ತಪ್ಪು ಆಗುವುದಿಲ್ಲ.

ತೆಗೆಸಿದ್ದು ನಗರದ ತೆರಿಗೆ ಇಲಾಖೆ. ಆಸ್ತಿಗೆ ಬೆಲೆ ಕಟ್ಟುವಾಗ ಕಾಗದದ ಜೊತೆ ಕಟ್ಟಡದ ಮುಖವೂ ಕಣ್ಣೆದುರು ಇರಲಿ ಎಂಬುದು ಉದ್ದೇಶ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲು ಕೇಂದ್ರ ಸರ್ಕಾರ ನಡೆಸುತ್ತಿದ್ದ ಡಬ್ಲ್ಯುಪಿಎ ಯೋಜನೆ ಇದಕ್ಕೆ ಕೈಯಾಳು ಒದಗಿಸಿತು. ಮ್ಯಾನ್‌ಹಟನ್, ಬ್ರಾಂಕ್ಸ್, ಬ್ರೂಕ್ಲಿನ್, ಕ್ವೀನ್ಸ್, ಸ್ಟೇಟನ್ ಐಲೆಂಡ್ ಐದೂ ಬರೋಗಳ (ನಗರದ ಆಡಳಿತ ವಿಭಾಗಗಳ) ಕಟ್ಟಡಗಳನ್ನು 35 ಎಂಎಂ ಕ್ಯಾಮೆರಾದಲ್ಲಿ ಒಂದೊಂದಾಗಿ ತೆಗೆದರು. ಒಟ್ಟು ಏಳು ಲಕ್ಷಕ್ಕೂ ಮಿಕ್ಕಿ. ದಶಕಗಳ ಕಾಲ ಇವನ್ನು ನೋಡಬೇಕೆಂದರೆ ನಗರದ ಪತ್ರಾಗಾರವಾದ ಮುನ್ಸಿಪಲ್ ಆರ್ಕೈವ್ಸ್‌ಗೆ ಹೋಗಿ ಮೈಕ್ರೋಫಿಲ್ಮ್ ಸುರುಳಿ ತಿರುಗಿಸಬೇಕಿತ್ತು. 2018ರಲ್ಲಿ ಪತ್ರಾಗಾರ ಅಷ್ಟನ್ನೂ ಡಿಜಿಟಲ್ ಮಾಡಿ ಅಂತರ್ಜಾಲಕ್ಕೆ ಹಾಕಿತು. ಪತ್ರಾಗಾರದ ಸ್ವಂತ ಪುಟದಲ್ಲಿ ಹುಡುಕುವುದು ಕಡತದ ಕೋಣೆಯಲ್ಲಿ ಹುಡುಕಿದ ಹಾಗೆಯೇ. ನಂಬರು ಗೊತ್ತಿದ್ದವರಿಗೆ ಮಾತ್ರ ಸಲೀಸು. ಅದೇ ಫೋಟೊಗಳನ್ನು ನಕ್ಷೆಯ ಮೇಲೆ ಹರಡಿಕೊಟ್ಟದ್ದು ಈ ತಾಣದ ಕೆಲಸ. ಇದು ಪತ್ರಾಗಾರದ ತಾಣವಲ್ಲ, ಹೊರಗಿನವರು ಕಟ್ಟಿದ್ದು.

ಈಗ ಫೋಟೊದೊಳಗೆ ಬನ್ನಿ. ಬಹುತೇಕ ಎಲ್ಲದರಲ್ಲೂ ಒಂದು ಬೋರ್ಡು ಕಾಣುತ್ತದೆ. ಒಬ್ಬ ಅದನ್ನು ಹಿಡಿದು ನಿಂತಿರುತ್ತಾನೆ, ಕೆಲವು ಕಡೆ ಅವನ ಕೈ ಮತ್ತು ಟೋಪಿ ಮಾತ್ರ ಚೌಕಟ್ಟಿನೊಳಗೆ ಬಂದಿರುತ್ತದೆ. ಬೋರ್ಡಿನ ಮೇಲಿರುವುದು ಬ್ಲಾಕ್ (ಬೀದಿಗಳ ನಡುವಿನ ಭೂಮಿಯ ತುಂಡು) ನಂಬರು ಮತ್ತು ಲಾಟ್ (ಅದರೊಳಗಿನ ಒಂದೊಂದು ನಿವೇಶನ) ನಂಬರು. ಸಾಲುಮನೆಗಳಿರುವ ಬೀದಿಯಲ್ಲಿ ಯಾವ ಮನೆ ಎಂದು ತೋರಿಸಲು ಬಾಣದ ಗುರುತೂ ಇರುವುದುಂಟು. ಇಡೀ ಸಂಗ್ರಹದ ಬೀಗದ ಕೈ ಈ ಬೋರ್ಡೇ. ನಮ್ಮಲ್ಲಿ ಸರ್ವೆ ನಂಬರು ಇದ್ದ ಹಾಗೆ ನ್ಯೂಯಾರ್ಕಿನಲ್ಲಿ ಆಸ್ತಿಯ ಗುರುತು ಬೀದಿ ವಿಳಾಸವಲ್ಲ. ಬರೋ, ಬ್ಲಾಕ್, ಲಾಟ್ ಮೂರೂ ಸೇರಿದ ಹತ್ತು ಅಂಕಿ. ಬಳಸುವವರು ಇದನ್ನು ಬಿಬಿಎಲ್ ಅನ್ನುತ್ತಾರೆ. ಮೊದಲ ಒಂದು ಅಂಕಿ ಬರೋದ್ದು: ಮ್ಯಾನ್‌ಹಟನ್ 1, ಬ್ರಾಂಕ್ಸ್ 2, ಬ್ರೂಕ್ಲಿನ್ 3, ಕ್ವೀನ್ಸ್ 4, ಸ್ಟೇಟನ್ ಐಲೆಂಡ್ 5. ಆಮೇಲಿನ ಐದು ಬ್ಲಾಕ್, ಕೊನೆಯ ನಾಲ್ಕು ಲಾಟ್. ಎಂಪೈರ್ ಸ್ಟೇಟ್ ಕಟ್ಟಡ ಮ್ಯಾನ್‌ಹಟನ್‌ನ ಬ್ಲಾಕ್ 835, ಲಾಟ್ 41. ಪೂರ್ತಿ ಬರೆದರೆ 1008350041. ಬ್ಲಾಕ್, ಲಾಟ್ ಅಂಕಿಗಳ ಮೊದಲಿಗೆ ಬರುವ ಸೊನ್ನೆಗಳನ್ನು ಬಿಟ್ಟರೆ ಕೆಲವು ಹುಡುಕುಪೆಟ್ಟಿಗೆಗಳು ಒಪ್ಪುವುದಿಲ್ಲ.

ಆದ್ದರಿಂದ ತಾಣವನ್ನು ಬಳಸುವ ಸರಿಯಾದ ಕ್ರಮ ಹೀಗೆ. ಮೊದಲು ನಗರ ಯೋಜನಾ ಇಲಾಖೆಯ ಝೋಲಾ ನಕ್ಷೆಯಲ್ಲಿ ಈಗಿನ ವಿಳಾಸ ಹಾಕಿ ಬ್ಲಾಕ್, ಲಾಟ್ ಬರೆದಿಟ್ಟುಕೊಳ್ಳಿ. ಆಮೇಲೆ 1940ಎಸ್‌ಗೆ ಬಂದು ವಿಳಾಸ ಹುಡುಕಿ. ಬಂದ ಫೋಟೊವನ್ನು ದೊಡ್ಡದು ಮಾಡಿ ಬೋರ್ಡಿನ ಅಂಕಿ ಓದಿ. ಬ್ಲಾಕ್ ಹೊಂದಿ ಲಾಟ್ ಹೊಂದದಿದ್ದರೆ ನೀವು ಸರಿಯಾದ ಬೀದಿಯಲ್ಲೇ ಇದ್ದೀರಿ, ಮನೆ ಮಾತ್ರ ಬೇರೆ. ಅಕ್ಕಪಕ್ಕದ ನಾಲ್ಕಾರು ಚುಕ್ಕಿ ಮುಟ್ಟಿ ನೋಡಿ. ಬ್ಲಾಕೇ ಹೊಂದದಿದ್ದರೆ ಬೀದಿಯ ಎದುರು ಬದಿಗೆ ಹೋಗಿದ್ದೀರಿ ಎಂದರ್ಥ, ಏಕೆಂದರೆ ಬೀದಿಯ ಎರಡು ಮಗ್ಗುಲು ಎರಡು ಬೇರೆ ಬ್ಲಾಕಿಗೆ ಸೇರುತ್ತವೆ.

ಲಾಟ್ ನಂಬರು ಹೊಂದದಿರಲು ಕಾರಣ ಹಲವು. ಬಹಳ ಜನ ಎಡವುವುದು ಕಾಂಡೊಮಿನಿಯಂ ಕಟ್ಟಡಗಳಲ್ಲಿ, ಅಂದರೆ ಒಂದೊಂದು ಫ್ಲ್ಯಾಟಿಗೂ ಬೇರೆ ಮಾಲೀಕರಿರುವ ಕಟ್ಟಡಗಳಲ್ಲಿ. ಹಳೆಯ ಬಾಡಿಗೆ ಕಟ್ಟಡವನ್ನು ಕಾಂಡೊ ಮಾಡಿದಾಗ ಒಂದೊಂದು ಫ್ಲ್ಯಾಟಿಗೂ 1001ರಿಂದ ಮೇಲಿನ ಲಾಟ್ ನಂಬರು, ಇಡೀ ಕಟ್ಟಡದ ಲೆಕ್ಕಕ್ಕೆ 7501ರಿಂದ ಮೇಲಿನದೊಂದು ನಂಬರು ಕೊಡುತ್ತಾರೆ. ಕಟ್ಟಡ ಅದೇ, ಇಟ್ಟಿಗೆಯೂ ಅದೇ. ಆದರೆ 1940ರ ಬೋರ್ಡಿನಲ್ಲಿ ಲಾಟ್ 23 ಎಂದಿದ್ದದ್ದು ಈಗ 7503 ಆಗಿರಬಹುದು. ಈಗಿನ ಲಾಟ್ 75ರಿಂದ ಶುರುವಾಗುವ ನಾಲ್ಕಂಕಿಯಾಗಿದ್ದರೆ ಅದನ್ನು ಬಿಟ್ಟು ಬ್ಲಾಕ್ ನಂಬರನ್ನಷ್ಟೇ ಹಿಡಿದು ಹುಡುಕಿ. ನಾಲ್ಕೈದು ಸಣ್ಣ ನಿವೇಶನ ಕೂಡಿಸಿ ಒಂದು ದೊಡ್ಡ ಕಟ್ಟಡ ಎಬ್ಬಿಸಿದ್ದರೆ ಹಳೆಯ ಲಾಟುಗಳೆಲ್ಲ ಸತ್ತು ಒಂದೇ ಉಳಿದಿರುತ್ತದೆ. ಮೂಲೆ ಕಟ್ಟಡಗಳದ್ದು ಇನ್ನೊಂದು ತಕರಾರು: ಅವಕ್ಕೆ ಎರಡು ಬೀದಿಯ ವಿಳಾಸ ಇರುತ್ತದೆ, ಫೋಟೊ ತೆಗೆದದ್ದು ಒಂದೇ ಬದಿಯಿಂದ ಆಗಿರಬಹುದು. ಎರಡೂ ವಿಳಾಸ ಹಾಕಿ ನೋಡುವುದು ಒಳ್ಳೆಯದು.

ಬೀದಿಯ ಹೆಸರುಗಳೂ ಬದಲಾಗಿವೆ. ಸಿಕ್ಸ್ತ್ ಅವೆನ್ಯೂ 1945ರಲ್ಲಿ ಅವೆನ್ಯೂ ಆಫ್ ದಿ ಅಮೆರಿಕಾಸ್ ಆಯಿತು (ಊರವರ ಬಾಯಲ್ಲಿ ಇನ್ನೂ ಸಿಕ್ಸ್ತೇ). ಫೋರ್ತ್ ಅವೆನ್ಯೂದ ಒಂದು ತುಂಡು 1959ರಲ್ಲಿ ಪಾರ್ಕ್ ಅವೆನ್ಯೂ ಸೌತ್ ಆಯಿತು. ಹಾರ್ಲೆಮ್‌ನ ಲೆನಕ್ಸ್ ಅವೆನ್ಯೂ 1987ರಿಂದ ಮಾಲ್ಕಮ್ ಎಕ್ಸ್ ಬುಲೆವಾರ್ಡ್ ಕೂಡ ಹೌದು. ಹಳೆಯ ಕಾಗದದಲ್ಲಿರುವ ವಿಳಾಸವನ್ನು ಈಗಿನ ಹೆಸರಿಗೆ ತಿರುಗಿಸಿಕೊಂಡು ಹುಡುಕಬೇಕು. ಕ್ವೀನ್ಸ್‌ನ ಮನೆ ನಂಬರಿನಲ್ಲಿ ನಡುವೆ ಅಡ್ಡಗೆರೆ ಇರುತ್ತದೆ. ಅಡ್ಡಗೆರೆಗಿಂತ ಮುಂಚಿನ ಅಂಕಿ ಹತ್ತಿರದ ಅಡ್ಡಬೀದಿಯದ್ದು, ಆಮೇಲಿನದು ಮನೆಯದ್ದು. ಅದನ್ನು ಕೂಡಿಸಿ ಬರೆದು ಏನೂ ಸಿಗಲಿಲ್ಲ ಅನ್ನುವವರು ಬಹಳ.

ಇದೆಲ್ಲ ಇನ್ನೂ ಉಳಿದಿರುವ ಬೀದಿಗಳ ಮಾತಾಯಿತು. ತಾಣದ ನಿಜವಾದ ಬೆಲೆ ಗೊತ್ತಾಗುವುದು ಈಗ ಇಲ್ಲದ ಬೀದಿಗಳಲ್ಲಿ, ಅಲ್ಲಿ ವಿಳಾಸದ ಹುಡುಕಾಟ ಪೂರ್ತಿ ಕೈಕೊಡುತ್ತದೆ. ಕೆಳ ಮ್ಯಾನ್‌ಹಟನ್‌ನ ಕೋರ್ಟ್‌ಲಂಟ್ ಬೀದಿಯ ಸುತ್ತ ರೇಡಿಯೊ ರೋ ಎಂಬ ಪೇಟೆ ಇತ್ತು. ರೇಡಿಯೊ ಸೆಟ್ಟು, ವಾಲ್ವು, ಬಿಡಿಭಾಗಗಳ ಅಂಗಡಿ ಒಂದಕ್ಕೊಂದು ಹೆಗಲು ತಾಗಿಸಿಕೊಂಡಿದ್ದ ಜಾಗ. 1966ರಲ್ಲಿ ವಿಶ್ವ ವಾಣಿಜ್ಯ ಕೇಂದ್ರಕ್ಕಾಗಿ 16 ಎಕರೆ ಖಾಲಿ ಮಾಡಿಸಿದಾಗ ಅಂಗಡಿಗಳ ಜೊತೆ ಬೀದಿಗಳೂ ಅಳಿಸಿಹೋದವು. ಇವತ್ತಿನ ನಕ್ಷೆಗೆ ಆ ಮನೆ ನಂಬರುಗಳೇ ಗೊತ್ತಿಲ್ಲ. ಇಂಥ ಕಡೆ ವಿಳಾಸದ ಪೆಟ್ಟಿಗೆ ಬಿಟ್ಟು ನಕ್ಷೆಯನ್ನೇ ಹಿಗ್ಗಿಸಿ ಆ ಜಾಗದ ಮೇಲೆ ಕೈಯಾಡಿಸಿ. ಚುಕ್ಕಿಗಳು ಕೆಲವೊಮ್ಮೆ ನಿಜವಾದ ಜಾಗದಿಂದ ಸರಿದು ಕೂತಿರುತ್ತವೆ, ಕೆಲವೊಮ್ಮೆ ಹಲವು ಒಂದೇ ಕಡೆ ಗುಂಪಾಗಿರುತ್ತವೆ. ಯಾಕೆಂದರೆ ಆ ಲಾಟ್‌ಗಳು ಈಗ ಇಲ್ಲ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಡಿಜಿಟಲ್ ಮಾಡಿಟ್ಟಿರುವ ಹಳೆಯ ಭೂ ಅಟ್ಲಾಸ್‌ಗಳಲ್ಲಿ ಬ್ಲಾಕ್ ನಂಬರು ಬೀದಿಗಳ ನಡುವೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದನ್ನು ಹಿಡಿದು ಬೋರ್ಡಿನ ಜೊತೆ ತಾಳೆ ನೋಡಿದರೆ ಯಾವ ಅಂಗಡಿ ಯಾವ ಮೂಲೆಯಲ್ಲಿತ್ತು ಎಂದು ಗಟ್ಟಿಯಾಗಿ ಹೇಳಬಹುದು. ಲಿಂಕನ್ ಸೆಂಟರ್ ಕಲಾಕೇಂದ್ರ ಈಗಿರುವ ಸ್ಯಾನ್ ವಾನ್ ಹಿಲ್ ಬಡಾವಣೆಯನ್ನೂ ಹೀಗೆಯೇ ಕಟ್ಟಿಕೊಳ್ಳಬೇಕು. ಅಧ್ಯಕ್ಷ ಐಸೆನ್‌ಹೋವರ್ 1959ರ ಮೇ 14ರಂದು ಅಲ್ಲಿ ಗುದ್ದಲಿ ಪೂಜೆ ಮಾಡುವ ಹೊತ್ತಿಗೆ ಈ ಫೋಟೊಗಳ ಮನೆಗಳನ್ನು ತೆರವು ಮಾಡುವ ಕೆಲಸ ಶುರುವಾಗಿತ್ತು. 1947ರಲ್ಲಿ ಜನ ಬಂದು ಸೇರಿದ ಸ್ಟೈವೆಸೆಂಟ್ ಟೌನ್ ವಸತಿ ಸಮುಚ್ಚಯದ ಜಾಗದಲ್ಲಿ ಮುಂಚೆ ಇದ್ದದ್ದು ಗ್ಯಾಸ್ ಹೌಸ್ ಡಿಸ್ಟ್ರಿಕ್ಟ್ ಎಂಬ ಬಡಾವಣೆ. ಅದೂ ಇಲ್ಲಿ ಉಳಿದಿದೆ.

ಚಿತ್ರದ ಗುಣಮಟ್ಟದ ಬಗ್ಗೆ ಎರಡು ಮಾತು. ನೆಗೆಟಿವ್ ಚೌಕಟ್ಟು 24 ಗುಣಿಸು 36 ಮಿಲಿಮೀಟರ್, ಅಷ್ಟರಲ್ಲಿ ನಾಲ್ಕೈದು ಅಂತಸ್ತಿನ ಕಟ್ಟಡ ಹಿಡಿಸಬೇಕು. ಹಾಗಾಗಿ ಎದುರಿನ ಫುಟ್‌ಪಾತಿನಿಂದ, ಕೆಲವೊಮ್ಮೆ ಓರೆಯಾಗಿ ತೆಗೆದಿದ್ದಾರೆ. ಅಂಗಡಿಯ ತಲೆಬರಹ ಓದಲು ಬರುತ್ತದೆ, ಕಿಟಕಿಗೆ ಅಂಟಿಸಿದ ಬೆಲೆ ಚೀಟಿ ಒಂದೊಂದು ಸಲ ಬರುತ್ತದೆ, ಬಾಗಿಲ ಗಂಟೆಯ ಪಕ್ಕದ ಹೆಸರು ಬರುವುದಿಲ್ಲ. ಗುಮಾಸ್ತರ ಕ್ಯಾಮೆರಾಗೆ ಚೆಂದ ಬೇಕಿರಲಿಲ್ಲ. ದಿಗಂತ ವಾಲಿರುತ್ತದೆ, ಕಟ್ಟಡದ ನೆತ್ತಿ ಕತ್ತರಿಸಿರುತ್ತದೆ, ನಿಂತ ಲಾರಿ ಅರ್ಧ ಮುಂಭಾಗ ಮುಚ್ಚಿರುತ್ತದೆ. ಇನ್ನೊಮ್ಮೆ ತೆಗೆಯುವ ಗೋಜಿಗೆ ಹೋಗಿಲ್ಲ.

ಇದೇ ಕಾರಣಕ್ಕೆ ಈ ಫೋಟೊಗಳು ನಂಬಿಕಸ್ತ ಕೂಡ. ಹೆಸರಾಂತ ಛಾಯಾಗ್ರಾಹಕರು ನೋಡತಕ್ಕ ಮೂಲೆಗಳನ್ನು ಆರಿಸಿಕೊಂಡರು. ಬೆರೆನಿಸ್ ಆಬಟ್ 1930ರ ದಶಕದಲ್ಲಿ ಇದೇ ಡಬ್ಲ್ಯುಪಿಎ ನೆರವಿನಿಂದ ತೆಗೆದ ನ್ಯೂಯಾರ್ಕ್ ಚಿತ್ರಗಳಲ್ಲಿ ಒಂದೊಂದರಲ್ಲೂ ಒಂದು ಕಣ್ಣು ಇದೆ, ಒಂದು ತೀರ್ಮಾನ ಇದೆ. ತೆರಿಗೆ ಫೋಟೊದಲ್ಲಿ ಅದಿಲ್ಲ. ಬ್ರೂಕ್ಲಿನ್‌ನ ಯಾವುದೋ ಅಡ್ಡಬೀದಿಯ ಗ್ಯಾರೇಜಿಗೂ ಫಿಫ್ತ್ ಅವೆನ್ಯೂ ಮಹಲಿಗೂ ಅದೇ ಒಂದು ಕ್ಲಿಕ್ಕು. ಹಾಗೆಂದು ಬೀದಿಯ ಜೀವನ ಇಲ್ಲಿ ಹುಡುಕಬೇಡಿ, ಜನ ಇಲ್ಲಿ ಅಡ್ಡ ಬಂದವರು. ನಡೆಯುತ್ತಿದ್ದವರು ಕೆಲವೊಮ್ಮೆ ಮಸುಕಾಗಿರುತ್ತಾರೆ. ನಿಂತು ನೋಡಿದವರು ಹೆಚ್ಚು ಸ್ಪಷ್ಟ. ಮೆಟ್ಟಿಲ ಮೇಲೆ ಕೂತ ಹೆಂಗಸು ಬೋರ್ಡು ಹಿಡಿದವನನ್ನು ಅನುಮಾನದಿಂದ ನೋಡುತ್ತಿರುತ್ತಾಳೆ. ಹುಡುಗರು ಮಾತ್ರ ಕ್ಯಾಮೆರಾವನ್ನೇ ದಿಟ್ಟಿಸುತ್ತಿರುತ್ತಾರೆ. ಜನರೇ ಬೇಕೆಂದರೆ ತಾಣದಲ್ಲಿ ಔಟ್‌ಟೇಕ್ಸ್ ಎಂಬ ವಿಭಾಗ ಇದೆ, ಅಲ್ಲಿಗೆ ಹೋಗಿ. ಲಾಟ್‌ಗೆ ಹೊಂದದೆ ಉಳಿದ, ಕೈತಪ್ಪಿ ಒತ್ತಿದ ಚೌಕಟ್ಟುಗಳವು. ಸಂಗ್ರಹದ ಅತ್ಯಂತ ಜೀವಂತ ಚಿತ್ರಗಳು ಸರ್ಕಾರಕ್ಕೆ ಬೇಡವಾದ ಈ ಕಸದಲ್ಲೇ ಇವೆ.

ಫೋಟೊಗಳಿಗೆ ತಾರೀಕಿಲ್ಲ, 1939ರಿಂದ 1941 ಎಂಬ ಅಂದಾಜಷ್ಟೇ. ಅದನ್ನು ಇನ್ನಷ್ಟು ಬಿಗಿ ಮಾಡಲು ಮ್ಯಾನ್‌ಹಟನ್‌ನಲ್ಲಿ ಬೀದಿಯ ಮೇಲೆ ಕಂಬಗಳ ಮೇಲೆ ಎತ್ತರದಲ್ಲಿ ಹಾಕಿದ್ದ ರೈಲುಹಳಿ ನೆರವಿಗೆ ಬರುತ್ತದೆ. ಸಿಕ್ಸ್ತ್ ಅವೆನ್ಯೂ ಹಳಿಯಲ್ಲಿ ರೈಲು 1938ರ ಡಿಸೆಂಬರ್‌ನಲ್ಲಿ ನಿಂತು, 1939ರಲ್ಲಿ ಹಳಿ ಕಳಚಿದರು. ಆ ಬೀದಿಯ ಫೋಟೊದಲ್ಲಿ ಕಬ್ಬಿಣದ ಕಂಬ ಕಂಡರೆ ಅದು ಸಮೀಕ್ಷೆಯ ತೀರಾ ಆರಂಭದ್ದು. ನೈನ್ತ್ ಅವೆನ್ಯೂದ ಮೇಲೆ ರೈಲು ಓಡುತ್ತಿದ್ದರೆ 1940ರ ಜೂನ್‌ಗಿಂತ ಹಿಂದಿನದು. ಥರ್ಡ್ ಅವೆನ್ಯೂದ ಹಳಿ 1955ರವರೆಗೆ ಇತ್ತು, ಅದರಿಂದ ಏನೂ ತಿಳಿಯದು. ಚಿತ್ರಮಂದಿರದ ಮುಂದಿನ ಬೋರ್ಡಿನಲ್ಲಿ ಸಿನಿಮಾ ಹೆಸರು ಓದಲು ಬಂದರೆ ಅದೇ ಬಲವಾದ ಸಾಕ್ಷಿ, ಆದರೆ ಬಡಾವಣೆಯ ಟಾಕೀಸುಗಳಲ್ಲಿ ಚಿತ್ರ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು ಎಂಬುದನ್ನು ಮರೆಯಬೇಡಿ. ಬಿಡುಗಡೆಯ ತಾರೀಕು ಫೋಟೊದ ತಾರೀಕಲ್ಲ. ಫೋಟೊ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅದು ಹೇಳುತ್ತದೆ. ಹೊತ್ತು ಯಾವುದೆಂದು ಬೇಕಿದ್ದರೆ ಬಿಸಿಲು ನೋಡಿ: ಅವೆನ್ಯೂದ ಪಶ್ಚಿಮ ಸಾಲಿನ ಮುಂಭಾಗ ಬೆಳಗಿದ್ದರೆ ಬೆಳಗಿನ ಹೊತ್ತು, ಪೂರ್ವ ಸಾಲಿನದು ಬೆಳಗಿದ್ದರೆ ಮಧ್ಯಾಹ್ನ ಕಳೆದಿದೆ. ಮ್ಯಾನ್‌ಹಟನ್‌ನ ಬೀದಿಜಾಲ ನಿಜ ಉತ್ತರದಿಂದ ಸುಮಾರು 29 ಡಿಗ್ರಿ ಪೂರ್ವಕ್ಕೆ ಓರೆಯಾಗಿರುವುದರಿಂದ ಲೆಕ್ಕ ಸ್ವಲ್ಪ ಸರಿಪಡಿಸಿಕೊಳ್ಳಬೇಕು.

ಕಟ್ಟಡ ಸಿಕ್ಕಿತು, ಒಳಗೆ ಯಾರಿದ್ದರು? ತಾಣ ಇದಕ್ಕೆ ಉತ್ತರ ಕೊಡುವುದಿಲ್ಲ, ಆದರೆ ಕಾಲ ಎಷ್ಟು ಚೆನ್ನಾಗಿ ಹೊಂದಿದೆ ನೋಡಿ: ಅಮೆರಿಕದ ಜನಗಣತಿಯ ದಿನ 1940ರ ಏಪ್ರಿಲ್ 1, ಫೋಟೊಗಳ ನಟ್ಟನಡುವೆ. 72 ವರ್ಷದ ಗೌಪ್ಯತೆ ಮುಗಿದು ಆ ಹಾಳೆಗಳು 2012ರ ಏಪ್ರಿಲ್ 2ರಂದು ಹೊರಬಂದವು. ರಾಷ್ಟ್ರೀಯ ಪತ್ರಾಗಾರದಲ್ಲಿ ಉಚಿತ. ಮೊದಲು ವಿಳಾಸದಿಂದ ಗಣತಿ ವಲಯದ ನಂಬರು ಕಂಡುಕೊಳ್ಳಿ, ಆಮೇಲೆ ಆ ವಲಯದ ಹಾಳೆಗಳನ್ನು ಒಂದೊಂದೇ ತಿರುವಿ. ಬೀದಿಯ ಹೆಸರು ಎಡ ಅಂಚಿನಲ್ಲಿ ಲಂಬವಾಗಿ ಬರೆದಿರುತ್ತದೆ, ಪಕ್ಕದ ಸಾಲಿನಲ್ಲಿ ಮನೆ ನಂಬರು. ಹೆಸರು, ವಯಸ್ಸು, ಹುಟ್ಟಿದ ದೇಶ, ಕೆಲಸ, ತಿಂಗಳ ಬಾಡಿಗೆ, 1935ರಲ್ಲಿ ಎಲ್ಲಿದ್ದರು ಎಲ್ಲವೂ ಅಲ್ಲಿದೆ. ಹೆಸರಿನ ಪಕ್ಕದಲ್ಲಿ ವೃತ್ತದೊಳಗೆ ಗುಣಾಕಾರದ ಗುರುತು ಇದ್ದರೆ ಬಾಗಿಲಿಗೆ ಬಂದು ಮಾಹಿತಿ ಕೊಟ್ಟವರು ಅವರೇ. ಕೂಲಿ ಕಾಲಂನಲ್ಲಿ 5000ದ ಮುಂದೆ ಕೂಡುವ ಗುರುತು ಕಂಡರೆ ಆದಾಯ ಅದಕ್ಕಿಂತ ಹೆಚ್ಚು ಎಂದಷ್ಟೇ ಅರ್ಥ. ಅದರ ಮೇಲಿನದನ್ನು ಬರೆಯುತ್ತಿರಲಿಲ್ಲ. ದೊಡ್ಡ ಕಟ್ಟಡದ ಕುಟುಂಬಗಳು ಹಲವು ಹಾಳೆಗೆ ಚೆಲ್ಲಿರುತ್ತವೆ, ಬಾಗಿಲು ತೆರೆಯದವರು ವಲಯದ ಕೊನೆಯ ಹಾಳೆಗಳಲ್ಲಿ ಪ್ರತ್ಯೇಕವಾಗಿ ಇರುತ್ತಾರೆ. ಅಲ್ಲಿಯವರೆಗೂ ನೋಡದೆ ಇಲ್ಲ ಎಂದುಬಿಡಬೇಡಿ.

ಈ ತಾಣದ ದೊಡ್ಡ ಮಿತಿ ಅದರ ಹೆಸರಿನಲ್ಲೇ ಇದೆ. ಶತಮಾನದ ನಡುಗಾಲ ಎಂದರೆ ಯುದ್ಧ ಮುಗಿದ ಮೇಲಿನ 1945ರಿಂದ 1965ರ ಅವಧಿಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಇಲ್ಲಿ ಸಿಗುವುದು ಅದರ ಹೊಸ್ತಿಲು ಮಾತ್ರ. ನಗರ ಮತ್ತೆ ಕಟ್ಟಡಗಳನ್ನು ಒಂದೊಂದಾಗಿ ತೆಗೆದದ್ದು 1983ರಿಂದ 1988ರಲ್ಲಿ, ಬಣ್ಣದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುವೆ ಏನೋ ಆಯಿತು ಅನ್ನುವುದು ಕಾಣುತ್ತದೆ, ಯಾವಾಗ ಎಂಬುದು ಕಾಣುವುದಿಲ್ಲ. ಆ ಕಂದಕಕ್ಕೆ ನಗರದ 1951ರ ವೈಮಾನಿಕ ಫೋಟೊ ಮೊದಲ ಆಸರೆ: ಕಟ್ಟಡ ಅಲ್ಲಿದ್ದರೆ ಕೆಡವಿದ್ದು ಆಮೇಲೆ. ಬೀದಿಮಟ್ಟದ ನೋಟಕ್ಕೆ ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಛಾಯಾಗ್ರಾಹಕ ಆಂಜೆಲೊ ರಿಜುಟೊ ಚಿತ್ರಗಳಿವೆ. 1950ರ ದಶಕದ ಮ್ಯಾನ್‌ಹಟನ್ ಬೀದಿಯ ಜನ, ಬೆಕ್ಕು, ಮಳೆ ಎಲ್ಲ ಅವುಗಳಲ್ಲಿದೆ. ಬಣ್ಣ ಬೇಕಾದರೆ ಇಂಡಿಯಾನ ವಿಶ್ವವಿದ್ಯಾಲಯದಲ್ಲಿರುವ ಚಾರ್ಲ್ಸ್ ಕುಶ್‌ಮನ್ ಸಂಗ್ರಹ. 1938ರಿಂದ 1969ರವರೆಗಿನ ಸುಮಾರು 14,500 ಕೊಡಾಕ್ರೋಮ್ (ಕೊಡಾಕ್ ಕಂಪನಿಯ ಬಣ್ಣದ ಫಿಲ್ಮ್) ಸ್ಲೈಡುಗಳಲ್ಲಿ ನ್ಯೂಯಾರ್ಕ್‌ನವೂ ಇವೆ. ಕೊಡಾಕ್ರೋಮ್‌ನ ಬಣ್ಣ ಕತ್ತಲಲ್ಲಿಟ್ಟರೆ ಬೇಗ ಮಾಸುವುದಿಲ್ಲ, ಹಾಗಾಗಿ ಆ ಇಟ್ಟಿಗೆ ಗೋಡೆಗಳು ನಿನ್ನೆ ತೆಗೆದಂತೆ ಕಾಣುತ್ತವೆ.

ಹೀಗೆ ಹೊರಗಿನಿಂದ ತಂದ ಚಿತ್ರಗಳಿಗೆ ಕಾಲ ಕಟ್ಟುವಾಗ ಉಪಯೋಗಕ್ಕೆ ಬರುವ ಗುರುತುಗಳೇ ಬೇರೆ. ಅಂಗಡಿಯ ವಿಳಾಸದಲ್ಲಿ ನ್ಯೂಯಾರ್ಕ್ ಹೆಸರಿನ ಮುಂದೆ ಒಂದೆರಡು ಅಂಕಿಯ ಅಂಚೆ ವಲಯ ಇದ್ದರೆ ಅದು 1943ರ ನಂತರ ಬರೆಸಿದ್ದು. ಐದಂಕಿಯ ಜಿಪ್ ಕೋಡ್ ಬಂದದ್ದು 1963ರ ಜುಲೈನಲ್ಲಿ. ಫಿಫ್ತ್ ಅವೆನ್ಯೂದಲ್ಲಿ ಬಸ್ಸುಗಳು ಎರಡೂ ದಿಕ್ಕಿಗೆ ಓಡುತ್ತಿದ್ದರೆ 1966ರ ಜನವರಿಗಿಂತ ಹಿಂದಿನದು, ಅಲ್ಲಿಂದ ಅದು ಏಕಮುಖ. ಟ್ಯಾಕ್ಸಿಗಳೆಲ್ಲ ಹಳದಿಯಾಗಿದ್ದರೆ 1960ರ ದಶಕದ ಕೊನೆಯ ನಂತರ ಇರಬೇಕು. ಅದಕ್ಕೆ ಮುಂಚೆ ಒಂದೊಂದು ಕಂಪನಿಗೆ ಒಂದೊಂದು ಬಣ್ಣ. ಅಂಗಡಿಯ ಬೋರ್ಡು ಹಳೆಯದೇ ಉಳಿದಿರಬಹುದು, ಹೊಸ ಬಸ್ಸು ಮಾತ್ರ ಹಿಂದಿನ ಕಾಲಕ್ಕೆ ಹೋಗಲಾರದು. ಆದ್ದರಿಂದ ಚೌಕಟ್ಟಿನಲ್ಲಿರುವ ಅತಿ ಹೊಸ ವಸ್ತುವಿನಿಂದ ಕಾಲ ಕಟ್ಟಬೇಕು, ಅತಿ ಹಳೆಯದರಿಂದಲ್ಲ.

ತಾಣದ ಕುಂದುಗಳನ್ನೂ ಹೇಳಬೇಕು. ಬ್ಲಾಕ್, ಲಾಟ್ ಎಂದರೇನು ಎಂದು ಹೊಸಬರಿಗೆ ತಿಳಿಸುವ ಏರ್ಪಾಡು ಸಾಲದು. ಫೋಟೊದ ಕೆಳಗೆ ಯಾರು ಬೇಕಾದರೂ ನೆನಪು ಬರೆಯಬಹುದು. ಅಜ್ಜಿ ಮೂರನೇ ಮಹಡಿಯಲ್ಲಿದ್ದಳು, ಕೆಳಗೆ ಇಟಾಲಿಯನ್ ಕ್ಷೌರಿಕನಿದ್ದ ಎಂಬಂಥವು ಓದಲು ಸೊಗಸು, ದಾಖಲೆಯಾಗಿ ಬಳಸುವ ಮುಂಚೆ ಗಣತಿ ಹಾಳೆಯಲ್ಲಿ ತಾಳೆ ನೋಡಿ. ಫೋನಿನಲ್ಲಿ ನೋಡಬಹುದಾದರೂ ಕಿರಿದಾದ ಪರದೆಯಲ್ಲಿ ಬೆರಳು ಪಕ್ಕದ ಚುಕ್ಕಿಗೆ ಹೋಗುತ್ತದೆ, ಬೋರ್ಡಿನ ಅಂಕಿ ಓದಲು ಹಿಂಸೆ. ಅಕ್ಕಪಕ್ಕದ ಲಾಟ್‌ಗಳನ್ನು ಹೋಲಿಸುವ ಕೆಲಸವಿದ್ದರೆ ದೊಡ್ಡ ಪರದೆಯ ಮುಂದೆಯೇ ಕೂರಿ.

ಗೋಡೆಗೆ ಹಾಕಲು ಅಥವಾ ಪುಸ್ತಕದಲ್ಲಿ ಅಚ್ಚು ಹಾಕಲು ಪ್ರತಿ ಬೇಕಿದ್ದರೆ ಪರದೆಯ ಚಿತ್ರವನ್ನು ಉಳಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ, ಮುನ್ಸಿಪಲ್ ಆರ್ಕೈವ್ಸ್‌ನಿಂದಲೇ ತರಿಸಬೇಕು. ತರಿಸುವಾಗ ಈಗಿನ ವಿಳಾಸ ಕೊಟ್ಟರೆ ಈಗಿನ ಲಾಟ್ ಹುಡುಕಿ ತಪ್ಪು ಚಿತ್ರ ಬರುವ ಅಪಾಯ ಇದೆ. ಬೋರ್ಡಿನಲ್ಲಿ ಕಂಡ ಬ್ಲಾಕ್, ಲಾಟ್ ಅಂಕಿಯನ್ನೇ ಬರೋದ ಹೆಸರಿನೊಂದಿಗೆ ಬರೆಯಿರಿ. ಬೋರ್ಡು ಬಿಸಿಲಿಗೆ ಬೆಳ್ಳಗಾಗಿ ಅಂಕಿ ಮಾಸಿದ್ದರೆ ಎಡಬಲದ ಎರಡು ಮನೆಗಳ ನಂಬರು ಓದಿ ನಡುವಿನದನ್ನು ಅಂದಾಜಿಸಿ, ಆ ಅಂದಾಜನ್ನು ಹಳೆಯ ಅಟ್ಲಾಸ್‌ನಲ್ಲಿ ಒಮ್ಮೆ ಪರೀಕ್ಷಿಸಿ. ಲಾಟ್ ನಂಬರುಗಳು ಸಾಲಾಗಿ ಹೋಗುತ್ತವೆ, ಆದರೆ ಒಡೆದ ಮತ್ತು ಕೂಡಿದ ನಿವೇಶನಗಳಿರುವ ಕಡೆ ನಡುವೆ ಅಂಕಿ ಹಾರುತ್ತದೆ.